ಪಟ್ಟಿಯಲ್ಲಿ ಇಲ್ಲದ ವಿಷಯ

ಕಳೆದ ವರ್ಷ ಒಂದು ಕೆಲಸಕ್ಕೆ ಆನ್‌ಲೈನ್ ಅರ್ಜಿ ತುಂಬುತ್ತಿದ್ದೆ. ‘ಪದವಿಯ ವಿಷಯ’ ಅಂತ ಒಂದು ಕಲಂ. ಒತ್ತಿದರೆ ಉದ್ದನೆಯ ಪಟ್ಟಿ ಇಳಿಯಿತು. ಅಕೌಂಟೆನ್ಸಿಯಿಂದ ಶುರುವಾಗಿ ಝುವಾಲಜಿವರೆಗೆ. ನನ್ನದು ಅದರಲ್ಲಿ ಇರಲಿಲ್ಲ. ಇರಲು ಸಾಧ್ಯವೂ ಇಲ್ಲ. ಯಾಕೆಂದರೆ ಆ ವಿಷಯ ಮಾಡಿದ್ದು ನಾನೇ. ‘ಇತರೆ’ ಅಂತ ಒತ್ತಿದೆ. ಕೆಂಪು ಅಕ್ಷರದಲ್ಲಿ ‘ಸರಿಯಾದ ವಿಷಯ ಆರಿಸಿ’ ಅಂತ ಬಂತು. ಮತ್ತೆ ಒತ್ತಿದೆ. ಮತ್ತೆ ಬಂತು.

ನಾನು ಕುಮಟೆಯವಳು. ಬಸ್‌ಸ್ಟ್ಯಾಂಡ್ ಹತ್ತಿರ ಅಪ್ಪನದು ಝೆರಾಕ್ಸ್ ಅಂಗಡಿ. ಪಿಯು ಸೈನ್ಸ್ ಊರಲ್ಲೇ ಮುಗಿಸಿದೆ. ಆಮೇಲೆ ಅಮೆರಿಕದ ಪೂರ್ವ ಕರಾವಳಿಯ ಒಂದು ಸಣ್ಣ ಕಾಲೇಜಿನಲ್ಲಿ ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕಿತು. ಅದು ಸಿಕ್ಕಿದ್ದು ಹೇಗೆ ಎಂಬುದು ಬೇರೆಯೇ ಕಥೆ, ಇಲ್ಲಿ ಬೇಡ.

ಅಲ್ಲಿಯ ಪದ್ಧತಿ ನಮ್ಮದರ ಹಾಗಲ್ಲ. ನಾನು ಪಿಯು ಮುಗಿಸಿದಾಗ ನಮ್ಮ ಕಡೆಯ ಬಿಎಸ್ಸಿ ಅಂದರೆ ಮೂರು ವಿಷಯದ ಕಟ್ಟು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗಿನ ಕಾಲೇಜಿಗೆ ಹೋದರೆ ಪಿಸಿಎಂ ಇಲ್ಲವೇ ಸಿಬಿಝಡ್. ಸೇರುವ ದಿನವೇ ತೀರ್ಮಾನ. ಅಲ್ಲಿ ಮೊದಲ ಎರಡು ವರ್ಷ ಏನು ಬೇಕಾದರೂ ಓದಬಹುದು. ಎರಡನೇ ವರ್ಷದ ಕೊನೆಗೆ ‘ಮೇಜರ್’, ಅಂದರೆ ಪದವಿಯ ಮುಖ್ಯ ವಿಷಯ, ಯಾವುದು ಅಂತ ಹೇಳಬೇಕು. ಇರುವ ಮೇಜರ್ ಯಾವುದೂ ಸರಿಹೋಗದಿದ್ದರೆ ನೀವೇ ಒಂದನ್ನು ಕಟ್ಟಿಕೊಳ್ಳಬಹುದು. ಇದು ಹೊಸತೇನಲ್ಲ. ಬ್ರೌನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳೇ ವರದಿ ಬರೆದು, ಒತ್ತಾಯ ಮಾಡಿ, 1969ರಲ್ಲಿ ಪಠ್ಯಕ್ರಮವನ್ನೇ ಬಿಚ್ಚಿಸಿದರು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ 1972ರಿಂದ ಇದಕ್ಕೆಂದೇ ಗ್ಯಾಲಟಿನ್ ಎಂಬ ಶಾಲೆ ಇದೆ. ನನ್ನ ಕಾಲೇಜಿನಲ್ಲಿ ಅದರ ಬಗ್ಗೆ ಇದ್ದದ್ದು ಒಂದೇ ಪುಟದ ನಿಯಮ. ವರ್ಷಕ್ಕೆ ಇಬ್ಬರೋ ಮೂವರೋ ಅರ್ಜಿ ಹಾಕುತ್ತಿದ್ದರು.

ನನಗೆ ಈ ಹುಚ್ಚು ಹಿಡಿದದ್ದು ಎರಡನೇ ವರ್ಷದಲ್ಲಿ. ಅಳಿವೆಗಳ ಪರಿಸರದ ಬಗ್ಗೆ ಒಂದು ಕೋರ್ಸ್ ತೆಗೆದುಕೊಂಡಿದ್ದೆ. ಹೊಳೆ ಸಮುದ್ರಕ್ಕೆ ಸೇರುವ ಕಡೆ ಸಿಹಿ ನೀರು, ಉಪ್ಪು ನೀರು ಹೇಗೆ ಬೆರೆಯುತ್ತವೆ, ಯಾವ ಹುಲ್ಲು ಎಲ್ಲಿ ಬೆಳೆಯುತ್ತದೆ ಅಂತೆಲ್ಲ. ಅಲ್ಲಿಯ ಉಪ್ಪು ಜವುಗಿಗೆ ಕರೆದುಕೊಂಡು ಹೋದರು. ಕೆಸರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಅಜ್ಜಿಮನೆ ನೆನಪಾಯಿತು. ಅಲ್ಲಿ ಅಘನಾಶಿನಿ ಹೊಳೆಯ ಅಂಚಿನ ಗಜನಿ ಗದ್ದೆಯ ವಾಸನೆಯೂ ಅದೇ. ಆದರೆ ಆ ಕೋರ್ಸಿನಲ್ಲಿ ಜನ ಇರಲಿಲ್ಲ. ಹುಲ್ಲು, ಏಡಿ, ನೈಟ್ರೋಜನ್ ಇದ್ದವು. ಪಕ್ಕದ ಕಟ್ಟಡದಲ್ಲಿ ಎಕನಾಮಿಕ್ಸ್ ಕೋರ್ಸ್. ಅಲ್ಲಿ ಜನ ಇದ್ದರು, ನೀರು ಇರಲಿಲ್ಲ. ನನಗೆ ಎರಡೂ ಒಂದೇ ಕೋಣೆಯಲ್ಲಿ ಬೇಕಿತ್ತು.

ಅಷ್ಟರಲ್ಲಿ 2020ರ ಮಾರ್ಚ್. ಹಾಸ್ಟೆಲ್ ಖಾಲಿ ಮಾಡಿ ಅಂದರು. ವಿಮಾನಗಳು ನಿಲ್ಲುವ ಕೆಲವೇ ದಿನ ಮೊದಲು ಊರು ಸೇರಿಕೊಂಡೆ. ಹದಿನಾಲ್ಕು ದಿನ ಮಹಡಿ ಕೋಣೆ. ಅಮ್ಮ ಬಾಗಿಲ ಹೊರಗೆ ತಟ್ಟೆ ಇಟ್ಟು ಓಡುತ್ತಿದ್ದಳು. ಮೇಜರ್ ಹೇಳುವ ಗಡುವು ಏಪ್ರಿಲ್ ಕೊನೆಗೆ.

ಆ ಕೋಣೆಯಲ್ಲಿ ಕುಳಿತು ನನ್ನ ಮೊದಲ ಪ್ರಸ್ತಾವ ಬರೆದೆ. ಹೆಸರು ‘ಕರಾವಳಿ ಅಧ್ಯಯನ’. ಅದರಲ್ಲಿ ಏನಿರಲಿಲ್ಲ ಹೇಳಿ! ಕಡಲ ಜೀವಶಾಸ್ತ್ರ, ಹವಾಮಾನ, ಬಂದರಿನ ಇತಿಹಾಸ, ಮೀನುಗಾರಿಕೆಯ ಅರ್ಥಶಾಸ್ತ್ರ, ಜಾನಪದ, ಮ್ಯಾಪ್ ಮಾಡುವುದು, ಕಾವ್ಯ ಕೂಡ. ಒಟ್ಟು 19 ಕೋರ್ಸ್. ನಿಯಮದ ಪ್ರಕಾರ 12 ಸಾಕಿತ್ತು. ಜಾಸ್ತಿ ಇದ್ದರೆ ಜಾಸ್ತಿ ಶ್ರದ್ಧೆ ಅಂದುಕೊಳ್ಳುತ್ತಾರೆ ಅಂತ ನನ್ನ ಲೆಕ್ಕ.

ಮೇ ತಿಂಗಳಲ್ಲಿ ಅದು ವಾಪಸ್ ಬಂತು. ತಿರಸ್ಕಾರ ಅಲ್ಲ, ‘ತಿದ್ದಿ ಮತ್ತೆ ಕಳಿಸಿ’. ಸಮಿತಿ ಬರೆದದ್ದು ನಾಲ್ಕೇ ಸಾಲು. ನೀವು ಇಷ್ಟಪಡುವ ಸಂಗತಿಗಳ ಪಟ್ಟಿ ಇದು, ಇದರಲ್ಲಿ ಪ್ರಶ್ನೆ ಎಲ್ಲಿದೆ? ಕರಾವಳಿ ಒಂದು ಜಾಗ, ವಿಷಯ ಅಲ್ಲ. ಪರಿಸರ ಅಧ್ಯಯನದ ಮೇಜರ್ ಮಾಡಿ, ಜೊತೆಗೆ ಎಕನಾಮಿಕ್ಸ್ ಮೈನರ್ ಇಟ್ಟುಕೊಂಡರೆ ಯಾಕೆ ಸಾಲದು? ಕೊನೆಯದು ಚುಚ್ಚಿತು: ಇದರಲ್ಲಿ ನೀವು ಏನನ್ನು ಓದುವುದಿಲ್ಲ?

ಎರಡು ದಿನ ಸಿಟ್ಟಿನಲ್ಲಿದ್ದೆ. ಅಪ್ಪ ಅಂಗಡಿ ಮುಚ್ಚಿದ್ದರಿಂದ ಮನೆಯಲ್ಲೇ ಇದ್ದರು. ಪ್ರಸ್ತಾವವನ್ನು ಪ್ರಿಂಟ್ ತೆಗೆಸಿ, ಕನ್ನಡಕ ಹಾಕಿ, ಬೆರಳಿಟ್ಟು ಓದಿದರು. ಮೂವತ್ತು ವರ್ಷ ಬೇರೆಯವರ ಅರ್ಜಿ, ಪ್ರಾಜೆಕ್ಟ್ ರಿಪೋರ್ಟ್ ಝೆರಾಕ್ಸ್ ಮಾಡಿದ ಕಣ್ಣು ಅದು. “ಹೋಟೆಲಿನ ಮೆನು ಕಾರ್ಡ್ ಹಾಗಿದೆ. ನೀ ಎಂತ ತಿಂತೆ ಹೇಳಿ ಬರೀಲೇ ಇಲ್ಲ” ಅಂದರು.

ಪ್ರಶ್ನೆ ಸಿಕ್ಕಿದ್ದು ಜೂನ್‌ನಲ್ಲಿ, ಅಜ್ಜಿಮನೆಯಲ್ಲಿ.

ಗಜನಿ ಅಂದರೆ ಏನು ಅಂತ ಘಟ್ಟದ ಮೇಲಿನವರಿಗೆ ಸ್ವಲ್ಪ ಹೇಳಬೇಕು. ಶಿರಸಿ ಹತ್ತಿರ ಹುಟ್ಟುವ ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ತದಡಿಯ ಹತ್ತಿರ ಕಡಲು ಸೇರುವ ಮೊದಲು ಅದು ಅಗಲವಾಗಿ ಹರಡಿಕೊಳ್ಳುತ್ತದೆ. ಅದರ ಅಂಚಿನ ತಗ್ಗು ಗದ್ದೆಗಳೇ ಗಜನಿ. ಸುತ್ತ ಒಡ್ಡು, ಒಡ್ಡಿನಲ್ಲಿ ತೂಬು, ತೂಬಿಗೆ ಮರದ ಹಲಗೆ. ಬೇಸಿಗೆಯಲ್ಲಿ ಒಣಗಿಸಿ, ಮೊದಲ ಮಳೆ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗದ ಬೀಜ ಎರಚುತ್ತಾರೆ. ಕಗ್ಗ ಉಪ್ಪು ತಡೆಯುವ ಭತ್ತ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ. ಗೊಬ್ಬರ ಬೇಡ, ಕಳೆ ಕೀಳುವುದು ಬೇಡ. ಅಕ್ಟೋಬರ್ ಹೊತ್ತಿಗೆ ತೆನೆ ಮಾತ್ರ ಕೊಯ್ದು ಹುಲ್ಲು ಅಲ್ಲೇ ಬಿಡುತ್ತಾರೆ. ಆಮೇಲೆ ಹಲಗೆ ಎತ್ತಿದರೆ ಭರತದ ನೀರಿನ ಜೊತೆ ಸಿಗಡಿ, ಮೀನು ಒಳಗೆ ಬರುತ್ತವೆ. ಕೊಳೆತ ಹುಲ್ಲು ಅವಕ್ಕೆ ಆಹಾರ. ಇಳಿತದಲ್ಲಿ ತೂಬಿಗೆ ಬಲೆ. ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು.

ಆ ಜೂನ್‌ನಲ್ಲಿ ಅಜ್ಜಿಯ ತಮ್ಮನ ಕಡೆ ಗಜನಿಯಲ್ಲಿ ಬೀಜ ಬೀಳಲೇ ಇಲ್ಲ. ಮಳೆ ಬಂದಿತ್ತು. ಬೀಜವೂ ಇತ್ತು. ನಾನು ದೊಡ್ಡ ವಿಜ್ಞಾನಿ ಹಾಗೆ ಮಣ್ಣಿನ ಉಪ್ಪಿನಂಶದ ಬಗ್ಗೆ ಮಾತು ತೆಗೆದೆ. ಅಜ್ಜ ಒಡ್ಡಿನ ಮೇಲೆ ಕುಳಿತು ಎಲೆಅಡಿಕೆಯ ಕವಳ ಹಾಕುತ್ತಿದ್ದರು. “ಬೀಜ ಎಂತಕೆ ಹಾಕಲಿಲ್ಲ ಹೇಳಿ ಕೇಳ್ತೆ ಅಲ್ವನೆ ತಂಗಿ? ಹಲಗೆ ಯಾರ ಕೈಲಿದ್ದು ಹೇಳಿ ಕೇಳು” ಅಂದರು.

ವಿಷಯ ಇಷ್ಟು. ಹಿಂದೆ ಎಲ್ಲ ಗೇಣಿದಾರರೂ ಸೇರಿ ಒಬ್ಬನನ್ನು ತೂಬಿಗೆ ಇಡುತ್ತಿದ್ದರು. ಅವನಿಗೆ ಕೂಲಿ ಭತ್ತದಲ್ಲಿ. ಯಾವ ದಿನ ನೀರು ಒಳಗೆ, ಯಾವ ದಿನ ಹೊರಗೆ ಎಂಬುದು ಎಲ್ಲರ ಮಾತು. ಈಗ ಸಿಗಡಿ ಹಿಡಿಯುವ ಹಕ್ಕು ಹರಾಜು. ಹರಾಜು ಹಿಡಿದವನು ಮೇ ಕೊನೆಯವರೆಗೂ ಉಪ್ಪು ನೀರು ಒಳಗೇ ಇಟ್ಟುಕೊಳ್ಳುತ್ತಾನೆ. ಗದ್ದೆ ಒಣಗುವುದಿಲ್ಲ, ಬೀಜದ ಹದ ತಪ್ಪುತ್ತದೆ. ಗದ್ದೆಯ ಯಜಮಾನರಲ್ಲೂ ಅರ್ಧ ಜನರಿಗೆ ಹರಾಜಿನ ಪಾಲು ಬಂದರೆ ಸಾಕು. ಬೆಂಗಳೂರಿನಲ್ಲಿ, ಮುಂಬೈಯಲ್ಲಿ ಇದ್ದಾರೆ. ಅಜ್ಜನ ಪ್ರಕಾರ ಇದೆಲ್ಲ ಶುರುವಾದದ್ದು 1974ರ ಭೂಸುಧಾರಣೆಯ ನಂತರ ಗದ್ದೆ ಚೂರುಚೂರಾದ ಮೇಲೆ. ಅಜ್ಜಿಯ ಪ್ರಕಾರ ಅಲ್ಲ, ಸರ್ಕಾರ ಗಟ್ಟಿ ಒಡ್ಡು ಕಟ್ಟಿಕೊಟ್ಟ ಮೇಲೆ. ಮಣ್ಣಿನ ಒಡ್ಡು ಇದ್ದಾಗ ವರ್ಷವರ್ಷ ಎಲ್ಲರೂ ಕೂಡಿ ಕಟ್ಟಲೇಬೇಕಿತ್ತು, ಆ ನೆಪದಲ್ಲಿ ಮಾತಾಡುತ್ತಿದ್ದರು. ಇಬ್ಬರೂ ನನ್ನೆದುರೇ ಜಗಳ ಆಡಿದರು. ನಾನು ಸುಮ್ನೆ ಬರೆದುಕೊಂಡೆ.

ರಾತ್ರಿ ಪ್ರಸ್ತಾವದ ಮೊದಲ ಸಾಲು ಬದಲಾಯಿಸಿದೆ. ‘ಉಪ್ಪು ನೀರು ಯಾವಾಗ ಗದ್ದೆಗೆ ಬರಬೇಕು ಎಂದು ತೀರ್ಮಾನಿಸುವವರು ಯಾರು, ಆ ತೀರ್ಮಾನದಿಂದ ನೆಲಕ್ಕೆ ಏನಾಗುತ್ತದೆ?’ ಅಷ್ಟೇ. ಈ ಪ್ರಶ್ನೆಗೆ ಒಂದೇ ವಿಭಾಗದಲ್ಲಿ ಉತ್ತರ ಸಿಗುವುದಿಲ್ಲ ಅಂತ ತೋರಿಸುವುದು ಸುಲಭವಾಯಿತು. ಮೊದಲರ್ಧಕ್ಕೆ ಅರ್ಥಶಾಸ್ತ್ರ, ಕಾನೂನು, ಇತಿಹಾಸ ಬೇಕು. ಎರಡನೆಯದಕ್ಕೆ ನೀರು, ಮಣ್ಣು, ಗಿಡ.

ಕಡಿಯುವ ಕೆಲಸ ಮಾತ್ರ ಸುಲಭ ಇರಲಿಲ್ಲ. 19ರಿಂದ 12ಕ್ಕೆ ಇಳಿಸಬೇಕು. ಒಂದೊಂದು ಕೋರ್ಸ್ ಮುಂದೆಯೂ ಇದಿಲ್ಲದಿದ್ದರೆ ಪ್ರಶ್ನೆ ಕುಂಟುತ್ತದೆಯೇ ಅಂತ ಬರೆಯುತ್ತ ಹೋದೆ. ಕಡಲ ಜೀವಶಾಸ್ತ್ರ ಹೋಯಿತು. ನನಗೆ ತುಂಬ ಇಷ್ಟದ್ದು ಅದು. ಮಾಡುವುದಿದ್ದರೆ ಕಾರವಾರದ ಕೋಡಿಬಾಗದಲ್ಲಿ ಧಾರವಾಡ ವಿಶ್ವವಿದ್ಯಾಲಯದ್ದೇ ಸ್ನಾತಕೋತ್ತರ ವಿಭಾಗ ಇದೆ, ಆಮೇಲೆ ನೋಡೋಣ ಅಂತ ಸಮಾಧಾನ ಮಾಡಿಕೊಂಡೆ. ಜಾನಪದ ಹೋಯಿತು. ಸುಕ್ರಿ ಬೊಮ್ಮಗೌಡರ ಹಾಡು ಕೇಳಿ ಬೆಳೆದವಳಿಗೆ ಅದನ್ನು ಬಿಡುವುದು ಬೇಜಾರು. ಆದರೆ ಅದು ಈ ಪ್ರಶ್ನೆಗೆ ಅಲಂಕಾರ ಮಾತ್ರ ಆಗುತ್ತಿತ್ತು. ಬಂದರಿನ ಇತಿಹಾಸ, ಕಾವ್ಯ, ಎಲ್ಲ ಹೋದವು.

ಉಳಿದದ್ದು ಇವು. ನೀರು-ನೆಲದ ಕಡೆಯಿಂದ ನಾಲ್ಕು: ಅಳಿವೆ ಪರಿಸರ, ಜಲವಿಜ್ಞಾನ, ಮಣ್ಣು, ಗಿಡಗಳು ಉಪ್ಪನ್ನು ಹೇಗೆ ತಾಳುತ್ತವೆ ಎಂಬ ಸಸ್ಯಶಾಸ್ತ್ರ. ಜನರ ಕಡೆಯಿಂದ ನಾಲ್ಕು: ಸಾಮೂಹಿಕ ಆಸ್ತಿಯ ಅರ್ಥಶಾಸ್ತ್ರ, ಪರಿಸರ ಕಾನೂನು, ದಕ್ಷಿಣ ಏಷ್ಯಾದ ಕೃಷಿ ಇತಿಹಾಸ, ಕ್ಷೇತ್ರಕಾರ್ಯ ಮಾಡುವುದು ಹೇಗೆ ಎಂಬ ಮಾನವಶಾಸ್ತ್ರ. ಎರಡು ಸಲಕರಣೆಗೆ, ಸಂಖ್ಯಾಶಾಸ್ತ್ರ ಮತ್ತು ಕಂಪ್ಯೂಟರಿನಲ್ಲಿ ಮ್ಯಾಪ್ ಮಾಡುವ ಜಿಐಎಸ್. ಉಳಿದ ಎರಡು ಪ್ರಬಂಧಕ್ಕೆ. ಇಂಥದ್ದನ್ನು ಕಟ್ಟುವವರು ಸಲಕರಣೆಯ ಕೋರ್ಸ್‌ಗಳನ್ನೇ ಮರೆಯುತ್ತಾರೆ. ನಾನೂ ಮೊದಲ ಸಲ ಸಂಖ್ಯಾಶಾಸ್ತ್ರ ಹಾಕಿರಲಿಲ್ಲ. ನಾಲ್ಕು ವಿಷಯದಲ್ಲಿ ಒಂದೊಂದು ಚಮಚ ತಿಂದು ಯಾವುದರಲ್ಲೂ ಕೈ ಕೆಸರು ಮಾಡಿಕೊಳ್ಳದೆ ಹೊರಬರುವ ಅಪಾಯ ಇದರಲ್ಲಿ ನಿಜವಾಗಿಯೂ ಇದೆ. ಸಮಿತಿಯ ಹೆದರಿಕೆಯೂ ಅದೇ.

ಇಬ್ಬರು ಪ್ರಾಧ್ಯಾಪಕರು ಸಹಿ ಹಾಕಬೇಕಿತ್ತು, ಬೇರೆ ಬೇರೆ ವಿಭಾಗದವರು. ಅಳಿವೆ ಪಾಠದ ಮೇಡಂ ಕೂಡಲೇ ಒಪ್ಪಿದರು. ಎಕನಾಮಿಕ್ಸ್‌ನಲ್ಲಿ ಐದು ಜನಕ್ಕೆ ಇಮೇಲ್ ಮಾಡಿದೆ. ಇಬ್ಬರು ಉತ್ತರಿಸಲಿಲ್ಲ, ಒಬ್ಬರು ರಜೆ, ಒಬ್ಬರು ‘ಆಸಕ್ತಿಕರವಾಗಿದೆ, ಶುಭಾಶಯ’ ಅಂದರು. ಐದನೆಯವರಿಗೆ ಪ್ರಸ್ತಾವ ಕಳಿಸಲೇ ಇಲ್ಲ. ಅವರು ಎಲಿನಾರ್ ಆಸ್ಟ್ರಮ್ ಬಗ್ಗೆ ಪಾಠ ಮಾಡುತ್ತಾರೆ ಅಂತ ಗೊತ್ತಿತ್ತು. ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಆಸ್ಟ್ರಮ್, 2009ರಲ್ಲಿ. ಎಲ್ಲರಿಗೂ ಸೇರಿದ ನೆಲ, ನೀರು ಹಾಳಾಗಲೇಬೇಕೆಂದಿಲ್ಲ, ಬಳಸುವವರೇ ನಿಯಮ ಮಾಡಿ ಕಾಯಬಲ್ಲರು ಅಂತ ಲೋಕದ ಎಷ್ಟೋ ಕಡೆಯ ಉದಾಹರಣೆ ಇಟ್ಟು ತೋರಿಸಿದವರು. ತೂಬಿನವನ ಕೂಲಿ ಭತ್ತದಲ್ಲಿ ಎಂಬ ಅಜ್ಜನ ಮಾತನ್ನು ಐದು ಸಾಲಿನಲ್ಲಿ ಬರೆದು, ಇದು ಆಸ್ಟ್ರಮ್ ಹೇಳುವ ಕಾವಲಿನ ನಿಯಮಕ್ಕೆ ಸೇರುತ್ತದೆಯೇ ಅಂತ ಕೇಳಿದೆ. ಒಂದು ಗಂಟೆಯಲ್ಲಿ ಉತ್ತರ. ಮೂರನೇ ಕರೆಯಲ್ಲಿ ಅವರೇ ‘ನಿನಗೆ ಸಹಿ ಹಾಕುವವರು ಯಾರು?’ ಅಂದರು.

ಸಂದರ್ಶನ ಸೆಪ್ಟೆಂಬರ್‌ನಲ್ಲಿ. ಕೋವಿಡ್ ಅಂತ ಗಡುವು ಮುಂದೆ ಹಾಕಿದ್ದರು. ಅವರಿಗೆ ಮಧ್ಯಾಹ್ನ ಮೂರು ಗಂಟೆ, ನಮಗೆ ರಾತ್ರಿ ಹನ್ನೆರಡೂವರೆ. ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ತಗಡು ಹೊದೆಸಿದ ತಾರಸಿಯಲ್ಲಿ ಮಾತ್ರ. ಮಳೆ ಹೊಡೆಯುತ್ತಿತ್ತು. ಅಪ್ಪ ಅಂಗಡಿಯ ಇನ್ವರ್ಟರ್ ಬ್ಯಾಟರಿ ಹೊತ್ತು ತಂದು ಪಕ್ಕದಲ್ಲಿ ಇಟ್ಟರು. ಆಮೇಲೆ ಮೆಟ್ಟಿಲ ಮೇಲೆ ಕುಳಿತುಬಿಟ್ಟರು, ಮಲಗಲಿಲ್ಲ. ನಾಲ್ವರು ಪ್ರಾಧ್ಯಾಪಕರು, ಒಬ್ಬ ಹಿರಿಯ ವಿದ್ಯಾರ್ಥಿ. ಮಳೆಯ ಸದ್ದಿಗೆ ಅರ್ಧ ಮಾತು ಕೇಳಲಿಲ್ಲ. ಮೊದಲ ಪ್ರಶ್ನೆ ಅದೇ ಹಳೆಯದು, ಪರಿಸರ ಅಧ್ಯಯನ ಯಾಕೆ ಸಾಲದು? ಈ ಸಲ ಉತ್ತರ ಇತ್ತು. 1996ರ ಡಿಸೆಂಬರ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದ ಸಿಗಡಿ ಕೆರೆಗಳನ್ನು ತೆಗೆಸಲು ಹೇಳಿತು, ಸಾಂಪ್ರದಾಯಿಕ ಪದ್ಧತಿಯನ್ನು ಮಾತ್ರ ಬಿಟ್ಟಿತು. ಹರಾಜಿಗೆ ಹೋದ ಗಜನಿ ಸಾಂಪ್ರದಾಯಿಕವೋ ಅಲ್ಲವೋ? ಇದನ್ನು ಹೇಳಲು ತೀರ್ಪು ಓದಲೂ ಬರಬೇಕು, ತೂಬಿನ ನೀರಿನ ಉಪ್ಪು ಅಳೆಯಲೂ ಬರಬೇಕು, ಅಂದೆ. ಆಮೇಲೆ ಏನು ಕೇಳಿದರೋ ಸರಿಯಾಗಿ ನೆನಪಿಲ್ಲ.

ಹತ್ತು ದಿನಕ್ಕೆ ಒಪ್ಪಿಗೆ ಬಂತು, ಒಂದು ಷರತ್ತಿನ ಜೊತೆ: ಹೆಸರು ಬದಲಾಯಿಸಿ, ಅಂಕಪಟ್ಟಿ ನೋಡಿದ ಅಪರಿಚಿತರಿಗೂ ಅರ್ಥವಾಗಬೇಕು. ಕನ್ನಡಕ್ಕೆ ತಂದರೆ ‘ಅಳಿವೆಯ ಸಾಮೂಹಿಕ ನೆಲ: ಪರಿಸರ ಮತ್ತು ಆಡಳಿತ’ ಅಂತ ಇಟ್ಟೆ. ಅಪರಿಚಿತರಿಗೆ ಎಷ್ಟು ಅರ್ಥವಾಯಿತು ಅಂತ ಮೊದಲೇ ಹೇಳಿದೆ ಅಲ್ವಾ.

ಒಪ್ಪಿಗೆ ಆದಮೇಲಿನ ಕಷ್ಟದ ಬಗ್ಗೆ ಯಾರೂ ಹೇಳಿರಲಿಲ್ಲ. ಇರುವ ಮೇಜರ್ ಆದರೆ ಬೇಕಾದ ಕೋರ್ಸ್ ನಡೆಸುವುದು ವಿಭಾಗದ ಹೊಣೆ. ನನ್ನದಕ್ಕೆ ವಿಭಾಗವೇ ಇಲ್ಲ. ಮಣ್ಣಿನ ಪಾಠದವರು ಬೇರೆ ಕಡೆ ಕೆಲಸಕ್ಕೆ ಹೋದರು, ಕೋರ್ಸ್ ರದ್ದು. ಬದಲಿಗೆ ಇನ್ನೊಂದನ್ನು ತೋರಿಸಿ, ಯಾಕೆ ಅದು ಸಮ ಅಂತ ಬರೆದು, ಮತ್ತೆ ಸಹಿ. ಮೂರು ಸಲ ಹೀಗಾಯಿತು. ಜೊತೆಯವರೂ ಇಲ್ಲ. ಬಯಾಲಜಿಯವರು ಪರೀಕ್ಷೆ ಮುಗಿದ ದಿನ ಒಟ್ಟಿಗೆ ಊಟಕ್ಕೆ ಹೋಗುತ್ತಿದ್ದರು. ನನ್ನ ವಿಷಯದವರು ಸೇರಿದರೆ ನಾನೊಬ್ಬಳೇ.

ಮೂರನೇ ವರ್ಷ ಪೂರ್ತಿ ಕುಮಟೆಯಿಂದಲೇ ಓದಿದ್ದು ಒಂದು ಲಾಭ. ತೌಕ್ತೆ ಚಂಡಮಾರುತ ಹೋದ ಮೇಲೆ, 2021ರ ಮೇ ಕೊನೆಯಿಂದ, ಅಜ್ಜನ ಜೊತೆ ತೂಬಿನ ಹತ್ತಿರ ನಿಂತು ರಿಫ್ರಾಕ್ಟೋಮೀಟರ್‌ನಲ್ಲಿ ಉಪ್ಪು ಅಳೆದೆ. ಎರಡು ಹನಿ ನೀರು ಹಾಕಿ ಬೆಳಕಿಗೆ ಹಿಡಿದರೆ ಸಂಖ್ಯೆ ಕಾಣುತ್ತದೆ. ಕಡಲ ನೀರು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಜುಲೈ ಹೊತ್ತಿಗೆ ಹೊಳೆಯ ನೀರು ಬಾಯಿಗೆ ಹಾಕಿದರೆ ಸಿಹಿ. ಒಡ್ಡಿನ ಒಳಗೆ, ತಡವಾಗಿ ಉಪ್ಪು ನೀರು ಹೊರಗೆ ಬಿಟ್ಟ ಗದ್ದೆಯಲ್ಲಿ, ಹಾಗಿರಲಿಲ್ಲ. ಅಜ್ಜ ಒಂದು ಹನಿ ನಾಲಿಗೆಗೆ ಹಾಕಿ ಹೇಳುತ್ತಿದ್ದರು, ನಾನು ಸಂಖ್ಯೆ ಬರೆಯುತ್ತಿದ್ದೆ. ಬಹಳ ಸಲ ತಾಳೆಯಾಯಿತು. ಒಂದೆರಡು ಸಲ ಆಗಲಿಲ್ಲ. ಅಂದು ಕವಳ ಜಾಸ್ತಿ ಆಗಿತ್ತು ಅಂದರು.

2021ರ ಆಗಸ್ಟ್‌ನಲ್ಲಿ ವಾಪಸ್ ಹೋದೆ, 2022ರ ಮೇ ತಿಂಗಳಲ್ಲಿ ಪದವಿ ಮುಗಿಯಿತು.

ನಮ್ಮಲ್ಲೂ ಅಷ್ಟರಲ್ಲಿ ಬದಲಾವಣೆ ಬಂದಿತ್ತು. 2021ರಲ್ಲಿ ರಾಜ್ಯದಲ್ಲಿ ಹೊಸ ಶಿಕ್ಷಣ ನೀತಿ, ನಾಲ್ಕು ವರ್ಷದ ಪದವಿ, ಓಪನ್ ಇಲೆಕ್ಟಿವ್. ಚಿಕ್ಕಪ್ಪನ ಮಗಳು ಆ ಮೊದಲ ಬ್ಯಾಚು, ಜಿಲ್ಲೆಯ ಒಂದು ಕಾಲೇಜಿನಲ್ಲಿ. ಸೈನ್ಸ್ ಓದುತ್ತ ಇತಿಹಾಸವೂ ಓದಬಹುದಂತೆ ಅಂತ ಕುಣಿದಳು. ಕಾಲೇಜಿಗೆ ಹೋದರೆ ಮೇಷ್ಟ್ರು ಇರುವ ಇಲೆಕ್ಟಿವ್ ಒಂದೇ. ಎಲ್ಲರೂ ಅದನ್ನೇ ‘ಆರಿಸಿಕೊಂಡರು’. 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೇ ಮರಳಿತು. ಅವಳಿಗೆ ನನ್ನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು ಇದೆ, ನ್ಯಾಯವೇ. ನನ್ನದು ಜಾಣತನ ಅಲ್ಲ. ಒಬ್ಬ ವಿದ್ಯಾರ್ಥಿನಿಯ ಒಂದು ಪ್ರಶ್ನೆಗೆ ಆರು ಜನ ಪ್ರಾಧ್ಯಾಪಕರು ಸಮಯ ಕೊಡುವಷ್ಟು ದುಡ್ಡು ಆ ಕಾಲೇಜಿನಲ್ಲಿತ್ತು. ಇದನ್ನು ಮರೆತು ‘ನಿಮ್ಮ ಆಸಕ್ತಿ ಹಿಂಬಾಲಿಸಿ’ ಅಂತ ಇಲ್ಲಿಯ ಮಕ್ಕಳಿಗೆ ಭಾಷಣ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಆ ಕೆಲಸದ ಅರ್ಜಿಗೆ ಕೊನೆಗೆ ‘ಪರಿಸರ ವಿಜ್ಞಾನ’ ಅಂತ ಒತ್ತಿ ಕಳಿಸಿದೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕೆಲಸ ಸಿಗಲಿಲ್ಲ. ಈಗ ಇರುವ ಕೆಲಸ ಸಿಕ್ಕಿದ್ದು ಪ್ರಬಂಧ ಓದಿದವರೊಬ್ಬರಿಂದ. 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜವುಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ಗಜನಿ ಅಂದರೆ ಏನು ಅಂತ ಕೇಳುವವರು ಸ್ವಲ್ಪ ಹೆಚ್ಚಾಗಿದ್ದಾರೆ.

ಅಂಕಪಟ್ಟಿ ಬಂದ ದಿನ ಅಪ್ಪ ಖುಷಿಯಲ್ಲಿ ಅದನ್ನು ಲ್ಯಾಮಿನೇಟ್ ಮಾಡಿಬಿಟ್ಟರು. ಗಿರಾಕಿಗಳಿಗೆಲ್ಲ ‘ಒರಿಜಿನಲ್ ಲ್ಯಾಮಿನೇಟ್ ಮಾಡಬೇಡಿ, ಸೀಲು ಹಾಕೂಕೆ ಬರೂದಿಲ್ಲ’ ಅಂತ ಹೇಳುವ ಮನುಷ್ಯ! ಕಾಲೇಜಿಗೆ ದುಡ್ಡು ಕಟ್ಟಿ ಇನ್ನೊಂದು ತರಿಸಬೇಕಾಯಿತು. ಮೊದಲನೆಯದು ಈಗ ಅಂಗಡಿಯಲ್ಲಿ, ಮಷಿನ್ ಮೇಲೆ ತೂಗುತ್ತಿದೆ. ಆಧಾರ್ ಪ್ರತಿ ತೆಗೆಸಲು ಬಂದವರು ತಲೆ ಎತ್ತಿ ಓದಲು ನೋಡುತ್ತಾರೆ. ಮಗಳು ಎಂತ ಓದಿದ್ದು ಅಂತ ಕೇಳುತ್ತಾರೆ. “ಗಜನಿಗೆ ನೀರು ಬಿಡೂದು ಯಾರು ಹೇಳಿ ಓದಿದ್ದು” ಅನ್ನುತ್ತಾರೆ ಅಪ್ಪ. ಅದಕ್ಕೆ ಅಮೆರಿಕಕ್ಕೆ ಹೋಗಬೇಕಿತ್ತಾ ಅಂತ ಒಬ್ಬರಾದರೂ ಕೇಳೇ ಕೇಳುತ್ತಾರೆ. ಅಪ್ಪ ಆಗ ಮಷಿನ್‌ಗೆ ಕಾಗದ ತುಂಬತೊಡಗುತ್ತಾರೆ.